ಗಾಜಿನ ತೊಟ್ಟಿಯ ಮೀನಿಗೆ ನಮ್ಮ ಬಾಕಿ ಎಷ್ಟು?

ಮನೆಯಲ್ಲಿ ಗೋಲ್ಡ್ ಫಿಶ್ ಸಾಕಿದವರನ್ನು ‘ನಿಮ್ಮ ಮೀನು ಹೇಗಿದೆ?’ ಎಂದು ಕೇಳಿ ನೋಡಿ. ‘ಚೆನ್ನಾಗಿದೆ, ಓಡಾಡ್ಕೊಂಡಿದೆ’ ಎನ್ನುತ್ತಾರೆ. ಸ್ವಲ್ಪ ಕೆದಕಿದರೆ ಬಹಳಷ್ಟು ಸಲ ಆ ಉತ್ತರದ ಅರ್ಥ ಇಷ್ಟೇ: ಮೀನು ಇನ್ನೂ ಸತ್ತಿಲ್ಲ. ಸತ್ತಿಲ್ಲ ಎನ್ನುವುದಕ್ಕೂ ಚೆನ್ನಾಗಿದೆ ಎನ್ನುವುದಕ್ಕೂ ನಡುವೆ ಎಷ್ಟು ದೂರ, ಆ ದೂರಕ್ಕೆ ಹೊಣೆ ಯಾರು ಎಂದು ನಮ್ಮ ಯುವಜನರ ಗುಂಪು ಕೆಲವು ವಾರಗಳಿಂದ ತಲೆ ಕೆಡಿಸಿಕೊಂಡಿದೆ. ಆ ಚರ್ಚೆಯಲ್ಲಿ ನಮಗೆ ತಿಳಿದದ್ದನ್ನು, ಇನ್ನೂ ಒಮ್ಮತಕ್ಕೆ ಬಾರದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೀನಿಗೆ ಸಂತೋಷ ಎಂಬುದುಂಟೇ ಎಂಬ ಪ್ರಶ್ನೆ ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಚೀನೀ ಚಿಂತಕ ಝುವಾಂಗ್‌ಝಿಯ ಹೆಸರಿನಲ್ಲಿರುವ ಗ್ರಂಥದಲ್ಲಿ ಇದರ ಬಗ್ಗೆ ಒಂದು ತಮಾಷೆಯ ವಾದ ಬರುತ್ತದೆ. ಅವನೂ ಅವನ ಗೆಳೆಯ ಹುಯ್‌ಝಿಯೂ ಹಾವ್ ನದಿಯ ಸೇತುವೆಯ ಮೇಲೆ ನಿಂತಿದ್ದಾರೆ. ಕೆಳಗೆ ಆರಾಮವಾಗಿ ಈಜುವ ಮೀನುಗಳನ್ನು ಕಂಡು, ಮೀನಿನ ಸಂತೋಷ ಇದೇ ಎಂದು ಝುವಾಂಗ್‌ಝಿ ಹೇಳುತ್ತಾನೆ. ಮೀನಲ್ಲದವನಿಗೆ ಅದು ಹೇಗೆ ತಿಳಿಯಿತು ಎಂದು ಗೆಳೆಯ ಕೇಳುತ್ತಾನೆ. ಹಾಗಾದರೆ ನಾನಲ್ಲದ ನಿನಗೆ ನನ್ನ ತಿಳಿವಳಿಕೆ ಹೇಗೆ ಗೊತ್ತಾಯಿತು ಎಂದು ಇವನು ತಿರುಗಿಸುತ್ತಾನೆ. ಕೊನೆಗೆ ಅವನ ಉತ್ತರ ಬಹಳ ಸರಳ: ಸೇತುವೆಯ ಮೇಲೆ ನಿಂತು ನೋಡಿಯೇ ತಿಳಿದದ್ದು.

ಈ ಕಥೆಯನ್ನು ಓದಿದಾಗ ನಮಗೆ ಹೊಳೆದದ್ದು ಇನ್ನೊಂದು ವಿಷಯ. ಅವನು ನೋಡಿದ್ದು ನದಿಯ ಮೀನು. ಬೇಕಾದಾಗ ಬರಬಹುದು, ಬೇಡವಾದಾಗ ಹೋಗಬಹುದು. ಅದು ಅಲ್ಲೇ ಸುಳಿದಾಡುತ್ತಿದ್ದರೆ ಅಲ್ಲಿರಲು ಅದಕ್ಕೆ ಮನಸ್ಸಿದೆ ಎಂದು ಊಹಿಸಲು ಒಂದು ಆಧಾರವಾದರೂ ಇದೆ. ಮೇಜಿನ ಮೇಲಿನ ಗಾಜಿನ ಬೋಗುಣಿಯ ಮೀನು ಸುತ್ತು ಹೊಡೆಯುವುದು ಸುತ್ತು ಹೊಡೆಯುವುದು ಬಿಟ್ಟು ಬೇರೇನೂ ಸಾಧ್ಯವಿಲ್ಲದ್ದರಿಂದ. ಅದನ್ನು ನೋಡಿ ‘ಖುಷಿಯಾಗಿ ಆಡುತ್ತಿದೆ’ ಎನ್ನುವಾಗ ನಾವು ಮೀನನ್ನು ನೋಡುತ್ತಿಲ್ಲ, ನಮ್ಮ ಖುಷಿಯನ್ನೇ ನೋಡುತ್ತಿದ್ದೇವೆ.

‘ಗೋಲ್ಡ್ ಫಿಶ್ಶಿಗೆ ಮೂರು ಸೆಕೆಂಡಿನ ನೆನಪು, ಒಂದು ಸುತ್ತು ಹಾಕುವಷ್ಟರಲ್ಲಿ ಮರೆತುಹೋಗಿರುತ್ತದೆ, ಅದಕ್ಕೆಲ್ಲಿಯ ಬೇಸರ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಇದು ಶುದ್ಧ ಸುಳ್ಳು. ನೆನಪು ಮಿದುಳಿನಲ್ಲಿ ಹೇಗೆ ಉಳಿಯುತ್ತದೆ ಎಂದು ತಿಳಿಯಲು 1960ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಬರ್ನಾರ್ಡ್ ಅಗ್ರನಾಫ್ ಆರಿಸಿಕೊಂಡ ಪ್ರಾಣಿಯೇ ಗೋಲ್ಡ್ ಫಿಶ್. ಒಮ್ಮೆ ಕಲಿತದ್ದನ್ನು ಅದು ದಿನಗಟ್ಟಲೆ ನೆನಪಿಡುತ್ತದೆ ಎಂಬ ಕಾರಣಕ್ಕೇ ಆ ಪ್ರಯೋಗಗಳು ಸಾಧ್ಯವಾದವು. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ವಿಚಿತ್ರ. ಚಕ್ರದ ಗಾಡಿಯ ಮೇಲೆ ನೀರಿನ ತೊಟ್ಟಿ ಇಟ್ಟು, ಮೀನು ಯಾವ ಕಡೆಗೆ ತಿರುಗಿ ಈಜುತ್ತದೋ ಆ ಕಡೆಗೆ ಗಾಡಿ ಚಲಿಸುವಂತೆ ಮಾಡಿದ್ದರು. ಗೋಲ್ಡ್ ಫಿಶ್‌ಗಳು ಆ ಗಾಡಿಯನ್ನು ನೆಲದ ಮೇಲೆ ಗುರಿಯತ್ತ ನಡೆಸಲು ಕಲಿತವು. ಮೂರು ಸೆಕೆಂಡಿನ ಕಥೆಯನ್ನು ಹುಟ್ಟಿಸಿದವರು ಯಾರೋ ತಿಳಿಯದು. ಆದರೆ ಅದು ಯಾರಿಗೆ ಅನುಕೂಲ ಎಂಬುದು ಸ್ಪಷ್ಟ. ನೆನಪಿಲ್ಲದ ಪ್ರಾಣಿಗೆ ಎಷ್ಟು ಚಿಕ್ಕ ಜಾಗ ಕೊಟ್ಟರೂ ಸಾಕಲ್ಲ!

ನೋವಿನ ವಿಷಯ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ ಗಾಯ, ಉರಿ, ಆಮ್ಲಗಳಿಗೆ ಸ್ಪಂದಿಸುವ ನರತುದಿಗಳಿವೆ ಎಂದು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ಮೇವು ಬಿಟ್ಟವು, ತುಟಿಯನ್ನು ಕಲ್ಲಿಗೆ ಉಜ್ಜಿದವು. ಆದರೆ ಬ್ರಿಯಾನ್ ಕೀ ಅವರಂಥ ವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಮನುಷ್ಯರಲ್ಲಿ ನೋವಿನ ಅನುಭವಕ್ಕೆ ಬೇಕಾದ ಮಿದುಳಿನ ಹೊರಪದರ ಮೀನಿಗೆ ಇಲ್ಲವೇ ಇಲ್ಲ, ಪ್ರತಿಕ್ರಿಯೆ ಇದ್ದ ಮಾತ್ರಕ್ಕೆ ಅನುಭವ ಇದೆ ಎನ್ನಲಾಗದು ಎಂಬುದು ಅವರ ವಾದ. ಬಿ.ಎಸ್ಸಿ. ಮಟ್ಟದ ಪ್ರಾಣಿಶಾಸ್ತ್ರ ಓದಿದವರು ಈ ಜಗಳಕ್ಕೆ ತೀರ್ಪು ಕೊಡಲು ಹೊರಡಬಾರದು.

ಆದರೆ ತೀರ್ಪು ಬರುವತನಕ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದು ಬೇರೆ ಪ್ರಶ್ನೆ, ಅದು ವಿಜ್ಞಾನದ್ದಲ್ಲ. ನೀತಿಶಾಸ್ತ್ರದಲ್ಲಿ ಬೇಟೆಗಾರನ ಉದಾಹರಣೆಯೊಂದನ್ನು ಕೊಡುವುದುಂಟು. ಪೊದೆಯೊಳಗೆ ಏನೋ ಅಲುಗಾಡಿತು. ಹಂದಿಯೂ ಇರಬಹುದು, ಸೌದೆಗೆ ಬಂದ ಮನುಷ್ಯನೂ ಇರಬಹುದು. ಖಚಿತವಾಗಿ ಗೊತ್ತಿಲ್ಲದಿರುವುದೇ ಗುಂಡು ಹಾರಿಸದಿರಲು ಕಾರಣ. ಮೀನನ್ನು ಮನುಷ್ಯನಿಗೆ ಸಮ ಮಾಡುತ್ತಿಲ್ಲ. ಸಂಶಯ ಬಂದಾಗ ಅದರ ಲಾಭ ಯಾರಿಗೆ ಸಿಗಬೇಕು ಎಂಬುದಷ್ಟೇ ಇಲ್ಲಿನ ಮಾತು. ಬಂದೂಕು ಯಾರ ಕೈಯಲ್ಲಿದೆಯೋ ಅವರಿಗಲ್ಲ.

ಇನ್ನೊಂದು ದಾರಿಯೂ ಇದೆ. ಮೀನಿನ ಒಳಗೆ ಏನಾಗುತ್ತಿದೆ ಎಂದು ತಿಳಿಯದಿದ್ದರೂ ಅದರ ಸುತ್ತ ಏನಾಗುತ್ತಿದೆ ಎಂದು ಅಳೆದು ನೋಡಬಹುದು. ನಮ್ಮ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ದನ ಕೊಟ್ಟಿಗೆಯಲ್ಲಿ ಸಗಣಿ ಹಾಕಿದರೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ, ಯಾರಾದರೂ ಬಾಚಿ ಎತ್ತುತ್ತಾರೆ. ಮೀನು ತನ್ನ ದೇಹದ ಕಶ್ಮಲದ ಬಹುಪಾಲನ್ನು ಅಮೋನಿಯಾ ರೂಪದಲ್ಲಿ ಕಿವಿರಿನ ಮೂಲಕ ನೀರಿಗೆ ಬಿಡುತ್ತದೆ, ಅದೂ ಹಗಲು ರಾತ್ರಿ ಬಿಡುವಿಲ್ಲದೆ. ಅದಕ್ಕೆ ಬಣ್ಣವಿಲ್ಲ. ತಿನ್ನದೆ ಬಿಟ್ಟ ಮೇವು ಕೊಳೆತಾಗಲೂ ಅದೇ ಅಮೋನಿಯಾ. ನದಿಯಲ್ಲಾದರೆ ಹರಿದು ಹೋಗುತ್ತದೆ. ನಾಲ್ಕು ಲೀಟರ್ ಬೋಗುಣಿಯಲ್ಲಿ ಎಲ್ಲಿಗೆ ಹೋಗಬೇಕು? ಮೀನು ತಾನು ಬಿಟ್ಟ ವಿಷವನ್ನು ಅದೇ ಕಿವಿರಿನಿಂದ ಮತ್ತೆ ಎಳೆದುಕೊಳ್ಳುತ್ತದೆ, ಕಿವಿರು ಸುಡುತ್ತದೆ. ನೀರು ಮಾತ್ರ ಸ್ಫಟಿಕದ ಹಾಗೆ ತಿಳಿಯಾಗಿರುತ್ತದೆ.

ನಮ್ಮ ಹೊಸೂರಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬೆಂಗಳೂರಿನ ಕೊಳಚೆಯನ್ನು ಹೊತ್ತು ದಕ್ಷಿಣ ಪಿನಾಕಿನಿ ಕೆಳಗೆ ಬಂದು, ಕೆಲವರಪಳ್ಳಿ ಅಣೆಕಟ್ಟಿನ ಬಳಿ ಬೆಟ್ಟದಂತೆ ನೊರೆ ಎದ್ದಾಗ ನಾವೆಲ್ಲ ಮೇಲಿನವರನ್ನು ಬೈಯುತ್ತೇವೆ. ಬೈಯುವುದು ನ್ಯಾಯವೇ. ಮೇಲೆ ಕುಳಿತವರು ಬಿಟ್ಟದ್ದನ್ನು ಕೆಳಗಿನವರು ಕುಡಿಯಬೇಕಾಗಿದೆ. ಆದರೆ ನಮ್ಮ ಮನೆಯ ತೊಟ್ಟಿಯ ಮೀನಿಗೆ ಮೇಲಿನ ಊರು, ನಗರಸಭೆ, ಮಾಲಿನ್ಯ ಮಂಡಳಿ ಎಲ್ಲವೂ ನಾವೇ. ಅದು ಯಾರಿಗೂ ಅರ್ಜಿ ಕೊಡಲಾಗದು. ಅಲ್ಲಿ ನೊರೆಯೂ ಏಳುವುದಿಲ್ಲ.

ಇದಕ್ಕೆ ಪ್ರಕೃತಿಯಲ್ಲೇ ಒಂದು ವ್ಯವಸ್ಥೆ ಇದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಸಣ್ಣ ಪ್ರಮಾಣದಲ್ಲೇ ವಿಷ. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕವನ್ನು ಸಾಗಿಸುವ ಶಕ್ತಿ ಕಳೆದುಕೊಳ್ಳುತ್ತದೆ. ನೈಟ್ರೇಟ್ ಅಷ್ಟು ಅಪಾಯವಲ್ಲ, ನೀರು ಬದಲಾಯಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು, ತಳದ ಕಲ್ಲುಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಂಗಡಿಯಿಂದ ಒಂದೇ ಸಂಜೆ ತೊಟ್ಟಿ, ಕಲ್ಲು, ಮೀನು ಎಲ್ಲವನ್ನೂ ತಂದು ತುಂಬಿಸಿದವರ ಮನೆಯಲ್ಲಿ ಮೀನು ಎರಡನೆಯ ವಾರಕ್ಕೆ ಸಾಯುವುದು ‘ಕಣ್ಣು ಬಿದ್ದು’ ಅಲ್ಲ. ಮನೆ ಕಟ್ಟುವ ಮೊದಲೇ ಗೃಹಪ್ರವೇಶ ಮಾಡಿದ್ದರಿಂದ. ಹಾಗೆಯೇ ‘ಶುಚಿ ಇರಲಿ’ ಎಂದು ವಾರವಾರ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವವರು ಈ ಬ್ಯಾಕ್ಟೀರಿಯಾಗಳನ್ನೇ ಕೊಚ್ಚಿ ಕಳಿಸುತ್ತಾರೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಸ್ಪಂಜನ್ನು ಅದ್ದಿ ಹಿಂಡಿದರೆ ಸಾಕು.

ನಮ್ಮ ಕಡೆಯ ನೀರಿನ ಬಗ್ಗೆ ಎರಡು ಮಾತು. ಹೊಗೇನಕಲ್ ಯೋಜನೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರಿಗೂ ಆ ಬ್ಯಾಕ್ಟೀರಿಯಾಗಳಿಗೂ ಶತ್ರು. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿ ಹಾಕಬೇಕು, ಇಲ್ಲವೇ ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಬೇಕು. ಬೋರ್ ನೀರು ಗಡಸು, ಅದನ್ನು ಗೋಲ್ಡ್ ಫಿಶ್ ತಡೆದುಕೊಳ್ಳುತ್ತದೆ. ಆದರೆ ಅಂಥ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲಿರುತ್ತದೆ, ಮತ್ತು ಕ್ಷಾರ ಹೆಚ್ಚಿದಷ್ಟೂ, ಬಿಸಿ ಹೆಚ್ಚಿದಷ್ಟೂ ಅಷ್ಟೇ ಪ್ರಮಾಣದ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಬೇಸಿಗೆಯಲ್ಲಿ ಇನ್ನೊಂದು ತೊಂದರೆ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಸುಮಾರು ಏಳೂವರೆ ಮಾತ್ರ. ಗೋಲ್ಡ್ ಫಿಶ್ ತಂಪು ನೀರಿನ ಮೀನು. ಕುತ್ತಿಗೆ ಕಿರಿದಾದ ಬೋಗುಣಿಯನ್ನು ಕಂಠಮಟ್ಟ ತುಂಬಿಸಿ ಟಿವಿಯ ಪಕ್ಕ ಇಟ್ಟರೆ ಗಾಳಿ ಸೋಕುವ ಮೇಲ್ಮೈ ಅಂಗೈಯಷ್ಟೂ ಉಳಿಯುವುದಿಲ್ಲ. ಮೀನು ಮೇಲೆ ಬಂದು ಬಾಯಿ ಪಟಪಟ ಮಾಡುತ್ತದೆ. ‘ನೋಡಿ, ಮಾತಾಡಿಸುತ್ತಿದೆ’ ಎಂದು ಮನೆಯವರು ನಗುತ್ತಾರೆ.

ಹಾಗಾದರೆ ಎಷ್ಟು ಜಾಗ ಬೇಕು? ದುಂಡು ಹೊಟ್ಟೆಯ ಎರಡು ಅಲಂಕಾರಿಕ ಗೋಲ್ಡ್ ಫಿಶ್‌ಗಳಿಗೆ ಕನಿಷ್ಠ ನೂರು ಲೀಟರ್. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಎಂದಿಟ್ಟುಕೊಳ್ಳಿ. (ತುಂಬಿದಾಗ ನೂರ ಇಪ್ಪತ್ತು ಕಿಲೋಗೂ ಹೆಚ್ಚು ತೂಕ, ಆದ್ದರಿಂದ ಓಲಾಡುವ ಮೇಜು ಬೇಡ.) ಉದ್ದ ಮೈಯ ಸಾಮಾನ್ಯ ಗೋಲ್ಡ್ ಫಿಶ್ ಒಂದು ಅಡಿಯ ಹತ್ತಿರ ಬೆಳೆಯಬಲ್ಲದು, ಅದರ ಜಾಗ ನಿಜವಾಗಿ ಕೊಳ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾವಣೆ. ಅಮೋನಿಯಾ, ನೈಟ್ರೈಟ್ ಸೊನ್ನೆ. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಒಳಗೆ. ಮೀನಿಗೆ ಕಣ್ಣುರೆಪ್ಪೆ ಇಲ್ಲ, ಹಾಗಾಗಿ ರಾತ್ರಿ ದೀಪ ಆರಿಸಬೇಕು. ಅದು ಜೊತೆ ಬಯಸುವ ಜೀವಿ, ಒಂದನ್ನೇ ಇಡಬಾರದು. ಅದಕ್ಕೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ದಿನಕ್ಕೆ ಒಂದೆರಡು ಸಲ ಹಾಕಿದರೆ ಸಾಕು.

ಈ ಕೊನೆಯ ಮಾತು ಮಕ್ಕಳಿಗೆ ಹೇಳುವುದು ಬಹಳ ಕಷ್ಟ. ಮಗು ತೊಟ್ಟಿಯ ಹತ್ತಿರ ಬಂದರೆ ಮೀನು ಓಡಿ ಬರುತ್ತದೆ, ಮಗು ಚಿಟಿಕೆ ಮೇವು ಹಾಕುತ್ತದೆ. ಅಜ್ಜಿ ಬಂದರೂ ಅದೇ, ಅಪ್ಪ ಕೆಲಸ ಮುಗಿಸಿ ಬಂದಾಗಲೂ ಅದೇ. ಪ್ರತಿಯೊಬ್ಬರೂ ಪ್ರೀತಿಯಿಂದಲೇ ಹಾಕಿದ್ದು. ಮೇವು ತಳದಲ್ಲಿ ಕೊಳೆತು ಮೀನು ಸಾಯುತ್ತದೆ. ಪ್ರೀತಿಗೆ ತಿಳಿವಳಿಕೆ ಬೇಡ, ಮನಸ್ಸು ಒಳ್ಳೆಯದಿದ್ದರೆ ಸಾಕು ಎಂದು ನಾವು ಅನೇಕ ವಿಷಯಗಳಲ್ಲಿ ಹೇಳಿಕೊಳ್ಳುತ್ತೇವೆ. ಮೀನಿನ ತೊಟ್ಟಿಯಲ್ಲಿ ಆ ಮಾತು ನಿಲ್ಲುವುದಿಲ್ಲ. ಸಾಕುವವರಿಗೆ ತಿಳಿದುಕೊಳ್ಳುವುದೂ ಕರ್ತವ್ಯದ ಒಂದು ಭಾಗ, ಐಚ್ಛಿಕ ವಿಷಯವಲ್ಲ.

ಗೋಲ್ಡ್ ಫಿಶ್ಶಿನ ದುರದೃಷ್ಟ ಏನೆಂದರೆ ಅದು ತುಂಬ ಗಟ್ಟಿ ಜೀವ. ಆಮ್ಲಜನಕವಿಲ್ಲದ ನೀರಿನಲ್ಲಿ ಇತರ ಪ್ರಾಣಿಗಳ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ಬೇಗ ಸಾಯುತ್ತವೆ. ಗೋಲ್ಡ್ ಫಿಶ್ ಆ ಆಮ್ಲವನ್ನು ಎಥನಾಲ್, ಅಂದರೆ ಮದ್ಯಸಾರವಾಗಿ ಬದಲಾಯಿಸಿ ಕಿವಿರಿನಿಂದ ಹೊರಗೆ ಬಿಡುತ್ತದೆ. ಹಿಮಗಟ್ಟಿದ ಕೊಳಗಳ ತಳದಲ್ಲಿ ಚಳಿಗಾಲವನ್ನು ದಾಟಲು ಸೃಷ್ಟಿ ಕೊಟ್ಟ ಉಪಾಯ ಇದು. ಇದರ ಹಿಂದಿನ ಕಿಣ್ವದ ಗುಟ್ಟನ್ನು ಆಸ್ಲೊ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾಲಯಗಳವರು 2017ರಲ್ಲಿ ಪ್ರಕಟಿಸಿದರು. ಇಷ್ಟು ತಡೆದುಕೊಳ್ಳುವ ಪ್ರಾಣಿ ಕೆಟ್ಟ ನೀರಿನಲ್ಲೂ ತಿಂಗಳುಗಟ್ಟಲೆ ಬದುಕುತ್ತದೆ. ಬೇಗ ಸತ್ತಿದ್ದರೆ ನಾವು ಎಚ್ಚರವಾಗುತ್ತಿದ್ದೆವು. ತಡೆದುಕೊಳ್ಳುತ್ತದೆ ಎಂಬ ಕಾರಣಕ್ಕೇ ನಮಗೆ ಗೊತ್ತಾಗುವುದಿಲ್ಲ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಆಟದಲ್ಲಿ ಬಹುಮಾನವಾಗಿ ಸಿಕ್ಕ ಗೋಲ್ಡ್ ಫಿಶ್ ಒಂದು 43 ವರ್ಷ ಬದುಕಿ 1999ರಲ್ಲಿ ಸತ್ತು ಗಿನ್ನೆಸ್ ದಾಖಲೆ ಸೇರಿತು. ಅದು ಅಪರೂಪ. ಆದರೆ ಚೆನ್ನಾಗಿ ನೋಡಿಕೊಂಡರೆ ಹತ್ತು, ಹದಿನೈದು ವರ್ಷ ಬದುಕುವುದು ಅಪರೂಪವಲ್ಲ. ಒಂದು ವರ್ಷ ಉಳಿದ ಮೀನನ್ನು ‘ಆಯಸ್ಸು ಮುಗಿಯಿತು’ ಎಂದು ತೋಟದಲ್ಲಿ ಹೂಳುವಾಗ ನಾವು ಹೇಳುವ ಲೆಕ್ಕ ತಪ್ಪು.

ಇದನ್ನು ಮನೆಯ ಮಾತಿಗೂ ಅನ್ವಯಿಸಬಹುದೇ ಎಂದು ನಮ್ಮಲ್ಲಿ ಒಬ್ಬಳು ಕೇಳಿದಳು. ದೂರು ಹೇಳದೆ ಸಹಿಸಿಕೊಂಡು ಹೋಗುವವರನ್ನು ಕಂಡು ‘ಅವರಿಗೇನು, ಚೆನ್ನಾಗಿದ್ದಾರೆ’ ಎನ್ನುವುದಿಲ್ಲವೇ? ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಅದು ಬೇರೆಯೇ ಲೇಖನಕ್ಕೆ ವಿಷಯ, ಮೀನಿಗೇ ಹಿಂತಿರುಗುತ್ತೇವೆ.

ಈ ಮೀನಿನ ಚರಿತ್ರೆಯೂ ಯೋಚನೆಗೆ ಹಚ್ಚುವಂಥದ್ದು. ಮೂಲದಲ್ಲಿ ಇದು ಚೀನಾದ ಮಾಸಲು ಬಣ್ಣದ ಕಾರ್ಪ್ ಜಾತಿಯ ಮೀನು. ಅಪರೂಪಕ್ಕೆ ಹುಟ್ಟುತ್ತಿದ್ದ ಕೆಂಪು, ಹೊಂಬಣ್ಣದ ಮೀನುಗಳನ್ನು ತಿನ್ನದೆ, ಪುಣ್ಯಕಾರ್ಯವೆಂದು ಬೌದ್ಧರ ಕೊಳಗಳಿಗೆ ಬಿಡುವ ಪದ್ಧತಿ ಅಲ್ಲಿತ್ತು. ಸಾಂಗ್ ಅರಸರ ಕಾಲದಲ್ಲಿ (960–1279) ಅವನ್ನು ಕೊಳಗಳಲ್ಲಿ ಬೇಕೆಂದೇ ಬೆಳೆಸಿದರು. ಮಿಂಗ್ ಅರಸರ ಕಾಲಕ್ಕೆ ಮೀನು ಮನೆಯೊಳಗಿನ ಪಾತ್ರೆಗೆ ಬಂತು. ಅಲ್ಲಿಂದ ಜಪಾನಿಗೆ, 17ನೆಯ ಶತಮಾನದಲ್ಲಿ ಯುರೋಪಿಗೆ ಹೋಯಿತು. ಕರುಣೆಯಿಂದ ನೀರಿಗೆ ಬಿಟ್ಟ ಜೀವಿಯೇ ಮುಂದೆ ಅಲಂಕಾರದ ವಸ್ತುವಾಯಿತು. ಪಾತ್ರೆಗೆ ಬಂದ ಮೇಲೆ ಅದರ ಮೈಯನ್ನೂ ನಮ್ಮ ಇಷ್ಟಕ್ಕೆ ತಿದ್ದಿದೆವು. ಬಬಲ್ ಐ ಎಂಬ ತಳಿಯ ಕಣ್ಣಿನ ಕೆಳಗೆ ನೀರು ತುಂಬಿದ ಎರಡು ಚೀಲ, ಚೂಪು ಕಲ್ಲು ತಾಗಿದರೆ ಒಡೆಯುತ್ತವೆ. ಒರಾಂಡಾದ ತಲೆಯ ಗಡ್ಡೆ ಬೆಳೆದು ಕಣ್ಣನ್ನೇ ಮುಚ್ಚಬಹುದು. ರಾಂಚುವಿಗೆ ಬೆನ್ನಿನ ರೆಕ್ಕೆಯೇ ಇಲ್ಲ. ದುಂಡು ಮೈಯ ತಳಿಗಳಲ್ಲಿ ಒಳಗಿನ ಗಾಳಿಚೀಲ ಅದುಮಿಹೋಗಿ ಮೀನು ತಲೆಕೆಳಗಾಗಿ ತೇಲುವುದುಂಟು. ಚೆಂದ ಕಾಣಲೆಂದು ಮೀನನ್ನು ಈ ಸ್ಥಿತಿಗೆ ತಂದವರು ಮನುಷ್ಯರು. ಇನ್ನು ಅದನ್ನು ಹೊಳೆಗೆ ಬಿಟ್ಟು ‘ಸ್ವತಂತ್ರವಾಗಿರು’ ಎಂದರೆ ಬದುಕಲಾರದು. ಈ ಋಣ ತೀರಿಸುವ ಸುಲಭ ದಾರಿ ಇಲ್ಲ.

ಬದುಕಬಲ್ಲ ಸಾಮಾನ್ಯ ತಳಿಯನ್ನು ಬಿಡುವುದಂತೂ ಇನ್ನೂ ಕೆಟ್ಟದ್ದು. ಆಸ್ಟ್ರೇಲಿಯಾದ ವಾಸ್ ನದಿಗೆ ಯಾರೋ ಬಿಟ್ಟ ಗೋಲ್ಡ್ ಫಿಶ್‌ಗಳು ಎರಡು ಕಿಲೋ ತೂಕದವರೆಗೆ ಬೆಳೆದು ಅಲ್ಲಿಯ ಜೀವಿಗಳಿಗೆ ಕಂಟಕವಾಗಿವೆ. ಸಾಕಲಾಗದು ಎಂದು ರಾಮನಾಯಕನ ಕೆರೆಗೆ ಸುರಿದು ಬರುವವರು ಒಂದು ಮೀನಿಗೆ ತೋರಿದ ಕನಿಕರದ ಬೆಲೆಯನ್ನು ಕೆರೆಯ ತಲೆಗೆ ಕಟ್ಟುತ್ತಾರೆ. ಸಾಕಬಲ್ಲ ಇನ್ನೊಬ್ಬರಿಗೆ ಕೊಡುವುದೊಂದೇ ಸರಿಯಾದ ದಾರಿ.

ಈಗ ನಮ್ಮೆದುರು ಬಂದ ಆಕ್ಷೇಪಗಳು. ಇವನ್ನು ಹಗುರವಾಗಿ ತಳ್ಳಿಹಾಕಲು ನಮಗೆ ಮನಸ್ಸಿಲ್ಲ.

ಮೊದಲನೆಯದು: ‘ಮಾಂಸ ಬಿಟ್ಟ ಶುಕ್ರವಾರ ಮೀನಿನ ಸಾರು ಉಣ್ಣುವ ನೀವು, ಮೀನಿನ ಸುಖದ ಮಾತಾಡುತ್ತೀರಾ?’ ಪ್ರಶ್ನೆ ಸರಿಯಾಗಿಯೇ ಇದೆ. ಮೀನು ತಿನ್ನುವುದು ತಪ್ಪು ಎಂದು ನಾವು ಹೇಳುತ್ತಿಲ್ಲ. ಆಹಾರಕ್ಕಾಗಿ ಹಿಡಿದ ಮೀನಿನಿಂದ ನಾವು ಪಡೆಯುವುದು ಅದರ ಸಾವನ್ನು. ಅಲ್ಲಿಯವರೆಗಿನ ಅದರ ಬದುಕು ಹೊಳೆಯದೋ ಸಮುದ್ರದ್ದೋ ಆಗಿತ್ತು. ತೊಟ್ಟಿಯ ಮೀನಿನಿಂದ ನಾವು ಪಡೆಯುವುದು ಅದರ ಇಡೀ ಬದುಕನ್ನು. ನೋಡಿ ಸಂತೋಷಪಡಲೆಂದೇ ಇಟ್ಟುಕೊಂಡ ಜೀವಿ ನಮ್ಮ ಕಣ್ಣೆದುರೇ ಸುಟ್ಟ ಕಿವಿರಿನಲ್ಲಿ ಉಸಿರಾಡುತ್ತಿದ್ದರೆ, ಆ ಸಂತೋಷ ಯಾವ ಬಗೆಯದು? ಹಸಿವು ಕೊಡುವ ಸಮಜಾಯಿಷಿ ಅಲಂಕಾರಕ್ಕೆ ಸಿಗುವುದಿಲ್ಲ. ಸಾಕಿದ ಮೀನುಗಳನ್ನು ಇಕ್ಕಟ್ಟಾಗಿ ತುಂಬಿ ಮಾರುವ ಕೊಳಗಳ ವಿಷಯಕ್ಕೆ ಬಂದರೆ ಈ ಉತ್ತರ ಪೂರ್ತಿ ಸಾಲದು ಎಂಬುದನ್ನೂ ಒಪ್ಪುತ್ತೇವೆ.

ಎರಡನೆಯದನ್ನು ಹೇಳಿದವರು ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಹಿರಿಯರೊಬ್ಬರು. ‘ಏನಪ್ಪಾ ಮಕ್ಕಳೇ, ಬೇಸಿಗೆಯಲ್ಲಿ ಕೆಲವು ಮನೆಗಳಿಗೆ ಕೊಡ ನೀರಿಗೂ ಟ್ಯಾಂಕರ್ ಕಾಯಬೇಕು. ನಿಮ್ಮ ಎರಡು ಮೀನಿಗೆ ನೂರು ಲೀಟರಾ?’ ಎಂದರು. ಅವರು ಬಡವರ ಮನೆಗಳನ್ನು ನಿತ್ಯ ಕಂಡವರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2418ನೆಯ ಪರಿಚ್ಛೇದ ಎರಡೂ ಮಾತನ್ನು ಒಟ್ಟಿಗೇ ಹೇಳುತ್ತದೆ: ಪ್ರಾಣಿಗಳನ್ನು ವಿನಾಕಾರಣ ನರಳಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ವಿರುದ್ಧ, ಜೊತೆಗೆ, ಮನುಷ್ಯರ ಸಂಕಟ ನೀಗಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ. ಆದ್ದರಿಂದ ಹಿರಿಯರ ಮಾತಿಗೆ ನಮ್ಮ ಉತ್ತರ: ನೀರಿಲ್ಲದಿದ್ದರೆ ಮೀನು ಬೇಡ. ಗೋಲ್ಡ್ ಫಿಶ್ ಯಾರಿಗೂ ಅಗತ್ಯದ ವಸ್ತುವಲ್ಲ. ನೂರು ಲೀಟರ್ ಕೊಡಲಾಗದ ಮನೆಯಲ್ಲಿ ನಾಲ್ಕು ಲೀಟರಿನಲ್ಲಿ ಇಟ್ಟರೆ ಉಳಿತಾಯವಾದದ್ದು ನೀರು, ಅದರ ಬೆಲೆ ತೆತ್ತದ್ದು ಮೀನು. ಒಮ್ಮೆ ತುಂಬಿದ ತೊಟ್ಟಿಗೆ ವಾರಕ್ಕೆ ಬೇಕಾಗುವುದು ಒಂದೆರಡು ಬಕೆಟ್ ಮಾತ್ರ, ತೆಗೆದ ನೀರು ಕರಿಬೇವಿನ ಗಿಡಕ್ಕೆ ಒಳ್ಳೆಯ ಗೊಬ್ಬರ ಎಂಬುದನ್ನೂ ಹೇಳಿದೆವು. ಅವರು ನಕ್ಕರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಕಾನೂನಿನ ಮಾತನ್ನೂ ಒಬ್ಬರು ತಂದರು. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ. ಸಾಕಷ್ಟು ಅಲುಗಾಡಲು ಜಾಗವಿಲ್ಲದ ಪಂಜರದಲ್ಲಾಗಲಿ ಬೇರೆ ಪಾತ್ರೆಯಲ್ಲಾಗಲಿ ಪ್ರಾಣಿಯನ್ನು ಇಡುವುದು ಅದರ ಪ್ರಕಾರ ಹಿಂಸೆ. ಇಟಲಿಯ ಮೊಂಜಾ ನಗರ 2004ರಲ್ಲಿ, ರೋಮ್ 2005ರಲ್ಲಿ ದುಂಡು ಬೋಗುಣಿಗಳಲ್ಲಿ ಮೀನು ಇಡುವುದನ್ನೇ ನಿಷೇಧಿಸಿದವು. ಆದರೆ ಮೀನಿನ ಬೋಗುಣಿ ನೋಡಲು ಯಾವ ಪೊಲೀಸರೂ ಮನೆಗೆ ಬರುವುದಿಲ್ಲ. ಯಾರೂ ನೋಡದ ಕಡೆ ನಾವು ಹೇಗಿರುತ್ತೇವೆ ಎಂಬುದೇ ಇಲ್ಲಿ ಇರುವ ಒಂದೇ ಪರೀಕ್ಷೆ.

ಇಷ್ಟೆಲ್ಲ ಚರ್ಚೆಗೆ ಮೂಲ ಹಬ್ಬದ ಸ್ಟಾಲು ಎಂಬುದನ್ನು ಇನ್ನೂ ಹೇಳಿಲ್ಲ. ರಿಂಗ್ ಎಸೆದು ಗೆದ್ದವರಿಗೆ ಸೋಪಿನ ಡಬ್ಬಿ ಕೊಡುವ ಬದಲು ಕವರಿನಲ್ಲಿ ಒಂದೊಂದು ಗೋಲ್ಡ್ ಫಿಶ್ ಕೊಡೋಣ, ಚೆನ್ನೈನ ಕೊಳತ್ತೂರಿನಿಂದ ಸಗಟಾಗಿ ತರಿಸಿದರೆ ಅಗ್ಗ, ಶಿಕ್ಷಣ ನಿಧಿಗೂ ಹೆಚ್ಚು ಹಣ ಬರುತ್ತದೆ ಎಂದು ನಮ್ಮ ಗುಂಪಿನ ಹುಡುಗನೊಬ್ಬ ಸೂಚಿಸಿದ್ದ. ಅರ್ಧ ಕನ್ನಡ, ಅರ್ಧ ತಮಿಳು, ನಡುವೆ ತೆಲುಗಿನಲ್ಲಿ ನಡೆಯುವ ನಮ್ಮ ಸಭೆ ಆ ದಿನ ಮೂರೂ ಭಾಷೆಯಲ್ಲಿ ಬಿಸಿಯಾಯಿತು. ಅಕ್ಕನ ಜೊತೆ ಬಂದು ಮೂಲೆಯಲ್ಲಿ ಕುಳಿತಿದ್ದ ಧರ್ಮೋಪದೇಶ ತರಗತಿಯ ಪುಟ್ಟ ಹುಡುಗಿ, ‘ಅಕ್ಕಾ, ನಮ್ಮನೇಲಿ ತೊಟ್ಟಿ ಇಲ್ವಲ್ಲ, ಗೆದ್ದರೆ ಎಲ್ಲಿ ಬಿಡೋದು? ಬಕೆಟ್ಟಲ್ಲಾ?’ ಎಂದು ಕೇಳಿದಳು. ಸ್ಟಾಲಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು. ಬಹುಮಾನವಾಗಿ ಜೀವವನ್ನು ಕೊಡುವವರು, ಪಡೆಯುವವರ ಒಪ್ಪಿಗೆ ಕೇಳದೆ ಹತ್ತು ವರ್ಷದ ಹೊಣೆಯನ್ನೂ ಕೊಟ್ಟಿರುತ್ತಾರೆ.

ಸಲಹೆ ಕೊಟ್ಟ ಹುಡುಗನಿಗೆ ಇನ್ನೂ ಸಮಾಧಾನವಿಲ್ಲ. ಅವನ ವಾದ ಹೀಗಿದೆ: ‘ಪುಸ್ತಕದಲ್ಲಿ ಜೀವದಯೆ ಓದಿದವರಿಗಿಂತ ಒಂದು ಮೀನು ಸಾಕಿ, ಅದು ಸತ್ತಾಗ ಅತ್ತ ಮಗು ಹೆಚ್ಚು ಕಲಿಯುತ್ತದೆ. ಎಲ್ಲ ಗೊತ್ತಿದ್ದವರೇ ಸಾಕಬೇಕು ಎಂದರೆ ಯಾರೂ ಸಾಕುವುದಿಲ್ಲ, ಯಾರೂ ಕಲಿಯುವುದೂ ಇಲ್ಲ.’ ಇದರಲ್ಲಿ ಸತ್ಯವಿದೆ. ನಮ್ಮಲ್ಲಿ ಕೆಲವರು ಪ್ರಾಣಿಶಾಸ್ತ್ರ ಓದಲು ಹೊರಟದ್ದೂ ಹಾಗೆಯೇ. ಆದರೆ ಮಗುವಿನ ಪಾಠದ ಶುಲ್ಕವನ್ನು ಮೀನು ಕಟ್ಟಬೇಕೇ ಎಂಬಲ್ಲಿ ನಾವು ಅವನಿಂದ ಬೇರೆಯಾಗುತ್ತೇವೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಕೊಡುವ ಮೊಟ್ಟಮೊದಲ ಆಶೀರ್ವಾದ ಮನುಷ್ಯರಿಗಲ್ಲ, ಐದನೆಯ ದಿನ ಸೃಷ್ಟಿಯಾದ ನೀರಿನ ಜೀವಿಗಳಿಗೆ ಮತ್ತು ಹಕ್ಕಿಗಳಿಗೆ. ಅವುಗಳ ಮೇಲೆ ಅಧಿಕಾರ ನಮಗೆ ಸಿಕ್ಕಿದ್ದು ಆಮೇಲೆ. ಆಶೀರ್ವಾದ ಪಡೆದವರನ್ನು ಕೈಗೆ ತೆಗೆದುಕೊಂಡಿದ್ದೇವೆ ಎಂಬ ಅಳುಕು ಅಧಿಕಾರದ ಜೊತೆಗೇ ಬರಬೇಕಲ್ಲವೇ?

ಕೊನೆಗೆ ಸ್ಟಾಲಿನಲ್ಲಿ ಗುಲಾಬಿ ಸಸಿ ಕೊಡುವುದೆಂದಾಯಿತು. ಹೊಸೂರಿನಲ್ಲಿ ಅದಕ್ಕೇನು ಬರ! ನಿಧಿಗೆ ಎಷ್ಟು ಕಡಿಮೆ ಬೀಳುತ್ತದೋ ಹಬ್ಬದ ನಂತರ ನೋಡಬೇಕು. ಆ ಹುಡುಗನ ಮಾತನ್ನೂ ಅರ್ಧ ಒಪ್ಪಿ, ಧರ್ಮೋಪದೇಶದ ಕೋಣೆಯಲ್ಲಿ ಮೂರು ಅಡಿಯ ತೊಟ್ಟಿಯೊಂದನ್ನು ಇಟ್ಟಿದ್ದೇವೆ. ಉಸ್ತುವಾರಿ ಅವನದೇ. ಮೂರು ವಾರದಿಂದ ಅದರಲ್ಲಿ ನೀರು, ಕಲ್ಲು, ಓಡುವ ಫಿಲ್ಟರ್, ಬ್ಯಾಕ್ಟೀರಿಯಾ ಬೆಳೆಯಲೆಂದು ದಿನಕ್ಕೊಂದು ಚಿಟಿಕೆ ಮೇವು ಬಿಟ್ಟರೆ ಬೇರೇನೂ ಇಲ್ಲ. ಮಕ್ಕಳು ಭಾನುವಾರ ಬಂದು ಗಾಜಿಗೆ ಮೂಗು ಒತ್ತಿ ‘ಮೀನು ಎಲ್ಲಿ?’ ಎನ್ನುತ್ತಾರೆ. ಗೋಡೆಯ ಮೇಲಿನ ಹಾಳೆಯಲ್ಲಿ ವಾರವಾರದ ಅಳತೆ ಬರೆಯುವುದು ಅವರ ಕೆಲಸ. ಅಮೋನಿಯಾ ಇಳಿಯುತ್ತಿದೆ, ನೈಟ್ರೈಟ್ ಇನ್ನೂ ಮೇಲೆಯೇ ಇದೆ. ಎರಡೂ ಸೊನ್ನೆಗೆ ಬಂದ ಮೇಲೆ ಎರಡು ಮೀನು ತರುತ್ತೇವೆ.

ಪರೀಕ್ಷೆಯ ಕಿಟ್ ಹೇಗೂ ಇದೆ. ನಿಮ್ಮ ಮನೆಯಲ್ಲಿ ಗೋಲ್ಡ್ ಫಿಶ್ ಇದ್ದರೆ, ತೊಟ್ಟಿಯ ನೀರನ್ನು ಶುಚಿಯಾದ ಸಣ್ಣ ಬಾಟಲಿಯಲ್ಲಿ ತುಂಬಿ ಯಾವುದೇ ಭಾನುವಾರ ಕನ್ನಡ ಪೂಜೆಯ ನಂತರ ಆ ಕೋಣೆಗೆ ತನ್ನಿ. ಹತ್ತು ನಿಮಿಷದಲ್ಲಿ ಫಲಿತಾಂಶ ಹೇಳುತ್ತೇವೆ. ಸೋಪು ಹಾಕಿ ತೊಳೆದ ಬಾಟಲಿ ಮಾತ್ರ ಬೇಡ.